ಹಸಿರು ಎಂಜಿನ್ನಿಗೆ ಕಾದವರು

ಡಾಕ್ಟರ್ ನಳಿನಿಯ ಕೈ ಬಹಳ ಸಣ್ಣದು. ಆಸ್ಪತ್ರೆಯಲ್ಲಿ ಸಿಗುವ ಅತಿ ಚಿಕ್ಕ ಗ್ಲೌಸು ಕೂಡ ಅವಳ ಬೆರಳ ತುದಿಯಲ್ಲಿ ಸುಕ್ಕುಗಟ್ಟಿ ನಿಲ್ಲುತ್ತಿತ್ತು. ಮಾತೂ ಮೆಲ್ಲಗೆ. ಅಂಥವಳು ಉತ್ತರ ಕೆರೊಲಿನಾದ ಒಂದು ರೈಲ್ವೆ ಗೇಟಿನ ಹತ್ತಿರ ಹಾಡಹಗಲಲ್ಲಿ ಒಬ್ಬ ಗಂಡಸಿನ ಮೂಗು ಮುರಿದಳು ಎಂಬ ಸುದ್ದಿ ವಾಷಿಂಗ್ಟನ್ನಿನ ಕನ್ನಡದವರ ಮನೆಗಳಿಗೆ ಮುಟ್ಟಿದಾಗ ಯಾರೂ ನಂಬಲಿಲ್ಲ. ಅವಳು ಅಲ್ಲಿಗೆ ಹೋದದ್ದು ಒಂದು ರೈಲು ಎಂಜಿನ್ ನೋಡಲು ಎಂದಾಗಲಂತೂ ನಕ್ಕೇಬಿಟ್ಟರು.

ಎಂಜಿನ್ನಿನ ಹುಚ್ಚು ಅವಳಿಗೆ ಹಿಡಿದದ್ದು ಇಂಗ್ಲೆಂಡಿನ ಡಾಂಕಾಸ್ಟರಿನಲ್ಲಿ. ಗಂಡ ಗುರುದತ್ತ ಶೆಫೀಲ್ಡಿನಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ್ದ ನಳಿನಿ ೧೯೬೧ರಲ್ಲಿ ಡಾಂಕಾಸ್ಟರಿನ ಒಂದು ಆಸ್ಪತ್ರೆಯಲ್ಲಿ ಅಪಘಾತದ ವಿಭಾಗಕ್ಕೆ ಸೇರಿದಳು. ಸುತ್ತಲೂ ಕಲ್ಲಿದ್ದಲ ಗಣಿಗಳು. ಛಾವಣಿ ಕುಸಿದರೆ ಮನುಷ್ಯರನ್ನು ಮೂಟೆಯಂತೆ ತಂದು ಹಾಕುತ್ತಿದ್ದರು. ಸೇರಿದ ಮೊದಲ ತಿಂಗಳಲ್ಲೇ, ಬಂಡೆಯಡಿ ಸಿಕ್ಕಿ ಎರಡೂ ಕಾಲು ಜಜ್ಜಿಹೋಗಿದ್ದ ಗಣಿಯವನೊಬ್ಬ ಅವಳ ಮೊಣಕೈ ಹಿಡಿದು, ಪ್ರಾಣ ಹೋಗುವವರೆಗೂ ಕಿರುಚಿದ. ಕೆಲಸ ಮುಗಿಸಿ ಹೊರಬಿದ್ದರೂ ಆ ಕಿರುಚಾಟ ಕಿವಿಯಿಂದ ಇಳಿಯಲಿಲ್ಲ. ಮನೆಗೆ ಹೋಗಲು ಮನಸ್ಸಾಗದೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ನಿಂತಳು. ಆಗ ಲಂಡನ್ನಿನ ಎಕ್ಸ್‌ಪ್ರೆಸ್ ನಿಲ್ಲದೆ ಹಾದುಹೋಯಿತು. ಹಸಿರು ಎಂಜಿನ್ನು, ಅವಳಿಗಿಂತ ಎತ್ತರದ ಚಕ್ರಗಳು, ಮೈಮೇಲೆ ಬಿದ್ದ ಬಿಸಿ ಹಬೆ. ಪ್ಲಾಟ್‌ಫಾರಮ್ಮಿನ ಕಲ್ಲು ಪಾದದಡಿ ನಡುಗಿತು. ರೈಲು ಹೋದ ಮೇಲೆ ಕಿವಿಯಲ್ಲಿ ಏನೂ ಉಳಿದಿರಲಿಲ್ಲ.

ಅಂದಿನಿಂದ ಅದೇ ಅವಳ ಔಷಧಿ. ಕೆಟ್ಟ ದಿನಗಳಲ್ಲಿ ಸ್ಟೇಷನ್ನಿಗೆ ಹೋಗಿ ನಿಲ್ಲುವಳು. ಆ ಎಂಜಿನ್ನುಗಳು ಹುಟ್ಟಿದ್ದೂ ಅದೇ ಊರಿನ ಕಾರ್ಖಾನೆಯಲ್ಲಿ. ಮೀನಿನಂತೆ ನುಣ್ಣಗಿದ್ದು ಲೋಕದ ಯಾವ ಹಬೆ ಎಂಜಿನ್ನೂ ಓಡದ ವೇಗದಲ್ಲಿ ಓಡಿದ ‘ಮ್ಯಾಲರ್ಡ್’ ಅಲ್ಲಿಯದು. ಎಲ್ಲರ ಬಾಯಲ್ಲೂ ಇದ್ದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಅಲ್ಲಿಯದು. ೧೯೬೩ರ ಜನವರಿಯಲ್ಲಿ ಸ್ಕಾಟ್ಸ್‌ಮನ್ ತನ್ನ ಕೊನೆಯ ಸರ್ಕಾರಿ ಓಟ ಮುಗಿಸಿ ಡಾಂಕಾಸ್ಟರಿಗೆ ಬಂದಾಗ, ಹೆಪ್ಪುಗಟ್ಟಿದ ಹಿಮದಲ್ಲಿ ಓವರ್‌ಕೋಟಿನೊಳಗೆ ಸೀರೆ ಉಟ್ಟು ನಿಂತಿದ್ದ ಒಬ್ಬಳೇ ಹೆಂಗಸು ಅವಳು. ಆ ಎಂಜಿನ್ನನ್ನು ಶ್ರೀಮಂತನೊಬ್ಬ ಕೊಂಡುಕೊಂಡ, ಅದು ಬದುಕಿತು. ಉಳಿದವಕ್ಕೆ ಆ ಅದೃಷ್ಟವಿರಲಿಲ್ಲ. ಡೀಸೆಲ್ ಬಂದಿತ್ತು. ಅದೇ ವರ್ಷ ಕಾರ್ಖಾನೆಯ ಬೇಲಿಯಾಚೆ, ತನಗೆ ಹೆಸರು ಹಿಡಿದು ಗೊತ್ತಿದ್ದ ಒಂದು ಎಂಜಿನ್ನಿನ ಹೊಟ್ಟೆಯನ್ನು ಗ್ಯಾಸಿನ ಬೆಂಕಿಯಿಂದ ಸೀಳುತ್ತಿದ್ದುದನ್ನು ಅವಳು ಕಂಡಳು. ಕೊಳವೆಗಳು ಕರುಳಿನಂತೆ ಹೊರಬಿದ್ದಿದ್ದವು. ಶವಪರೀಕ್ಷೆಗೆ ಹೆದರದ ನಳಿನಿ ಬೇಲಿ ಹಿಡಿದು ವಾಂತಿ ಮಾಡಿಕೊಂಡಳು.

೧೯೬೬ರಲ್ಲಿ ಗುರುದತ್ತನಿಗೆ ಅಮೆರಿಕದ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ವಾಷಿಂಗ್ಟನ್ನಿನ ಪಕ್ಕದ ರಾಕ್‌ವಿಲ್ಲಿನಲ್ಲಿ ಮನೆ ಮಾಡಿದರು. ನಳಿನಿ ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿ ರೂಮಿಗೆ ಸೇರಿದಳು. ಇಲ್ಲಿ ಬಂಡೆ ಬೀಳುತ್ತಿರಲಿಲ್ಲ. ಬದಲಿಗೆ ಚಾಕು, ಪಿಸ್ತೂಲು, ಒಡೆದ ಬಾಟಲಿ. ಓಡಿಹೋಗಿ ನಿಲ್ಲಲು ಹಬೆ ಎಂಜಿನ್ನೂ ಇಲ್ಲ. ಒಂದು ದಿನ ಕಲ್ಲಿದ್ದಲ ಹೊಗೆಯ ವಾಸನೆ ಹಿಡಿದು ಆಸ್ಪತ್ರೆಯ ಹಿಂದಿನ ಬಾಯ್ಲರ್ ಮನೆಗೆ ಇಳಿದುಹೋದಳು. ಅಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವನು ಎಜ್ರಾ ಟಾಲ್ಬರ್ಟ್, ಅರವತ್ತರ ಹತ್ತಿರದ ಕರಿಯ ಮನುಷ್ಯ. ಎಲ್ಲರೂ ಅವನನ್ನು ‘ಎಜ್ರಾ’ ಎಂದು ಕೂಗುತ್ತಿದ್ದರು. ನಳಿನಿ ಮಾತ್ರ ‘ಮಿಸ್ಟರ್ ಟಾಲ್ಬರ್ಟ್’ ಎಂದಳು. ಇಬ್ಬರಿಗೂ ಸ್ನೇಹವಾಯಿತು. ಬಿಡುವಾದಾಗ ಅವಳು ಇಳಿದುಹೋಗಿ ಡಾಂಕಾಸ್ಟರಿನ ಎಂಜಿನ್ನುಗಳ ಕಥೆ ಹೇಳುವಳು. ಅವನು ಕೇಳುವನು. ತಾನೂ ಹಿಂದೆ ರೈಲಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದೆ ಎಂದಷ್ಟೇ ಹೇಳಿದ್ದ.

೧೯೬೮ರ ಏಪ್ರಿಲ್‌ನಲ್ಲಿ ಮೆಂಫಿಸ್ಸಿನಲ್ಲಿ ಕರಿಯರ ನಾಯಕ ಡಾಕ್ಟರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಮರುದಿನ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ವಾಷಿಂಗ್ಟನ್ ಹೊತ್ತಿ ಉರಿಯುತ್ತಿತ್ತು. ಎಮರ್ಜೆನ್ಸಿ ರೂಮಿನ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಗಾಜು ಹೊಕ್ಕ ಕೈಗಳು, ಲಾಠಿಯಿಂದ ಒಡೆದ ತಲೆಗಳು, ಅಂಗಡಿಯ ಬೆಂಕಿಯಲ್ಲಿ ಬೆಂದ ಒಬ್ಬ ಹುಡುಗಿ. ಆ ಗದ್ದಲದಲ್ಲಿ ಎಜ್ರಾನನ್ನೂ ಇಬ್ಬರು ಹೊತ್ತು ತಂದರು. ಕೆಲಸಕ್ಕೆ ನಡೆದು ಬರುತ್ತಿದ್ದವನ ಭುಜಕ್ಕೆ ಅಶ್ರುವಾಯುವಿನ ಡಬ್ಬಿ ಬಡಿದಿತ್ತು. ನಳಿನಿ ಎಕ್ಸ್‌ರೇ ತೆಗೆಸಿದಳು. ಮೂಳೆ ಬಿರುಕು ಬಿಟ್ಟಿತ್ತು. ಅದರ ಸುತ್ತ ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು.

“ಮಿಸ್ಟರ್ ಟಾಲ್ಬರ್ಟ್, ಇದೇನು? ಇವು ಇವತ್ತಿನವಲ್ಲ.”

“ಅಲ್ಲ ಡಾಕ್ಟರ್. ಮೂವತ್ತೆರಡನೇ ಇಸವಿಯವು. ಕೋವಿಯ ಚರೆ.”

ಅವನ ಭುಜಕ್ಕೆ ಕಟ್ಟು ಹಾಕುತ್ತಿದ್ದಾಗ, ಸುತ್ತಲ ನರಳಾಟದ ನಡುವೆ ಅವನು ಹೇಳಿದ. ಮಿಸಿಸಿಪ್ಪಿಯಲ್ಲಿ ಅವನೂ ಅವನ ಅಣ್ಣ ಏಮಸ್ಸನೂ ಹಬೆ ಎಂಜಿನ್ನಿನ ಫೈರ್‌ಮನ್ನುಗಳಾಗಿದ್ದರು.

“ಬೆಂಕಿಗೆ ಕಲ್ಲಿದ್ದಲು ಹಾಕೋದು ನರಕದ ಕೆಲಸ. ಅದಕ್ಕೇ ನಮ್ಮ ಜನಕ್ಕೆ ಕೊಟ್ಟಿದ್ರು. ಆಮೇಲೆ ದೇಶದಲ್ಲಿ ಯಾರಿಗೂ ಕೆಲಸವೇ ಇಲ್ಲದ ಕಾಲ ಬಂತು. ಆಗ ಆ ನರಕವೂ ಬಿಳಿಯರಿಗೆ ಬೇಕಾಯ್ತು. ನಮ್ಮನ್ನ ಇಳಿಸಬೇಕಲ್ಲ? ಕೋವಿ ತಗೊಂಡು ಹಳಿ ಪಕ್ಕದ ಪೊದೆಗಳಲ್ಲಿ ಕೂತ್ಕೊಂಡ್ರು. ನೀರು ಹಿಡಿಯೋಕೆ ಎಂಜಿನ್ ನಿಂತಿತ್ತು. ಅಣ್ಣ ಇಳೀತಾ ಇದ್ದ, ನಾನು ಹತ್ತೋನಿದ್ದೆ. ಅವನ ಮುಖ ಹೋಯ್ತು. ಮಿಕ್ಕಿದ್ದು ನನ್ನ ಭುಜಕ್ಕೆ.”

ನಳಿನಿ ಕಟ್ಟಿನ ಕೊನೆಯ ಗಂಟು ಹಾಕಿದಳು. ತಾನು ಇಷ್ಟು ತಿಂಗಳು ಈತನ ಮುಂದೆ ಕುಳಿತು ಎಂಜಿನ್ನುಗಳ ಅಂದವನ್ನು ಬಣ್ಣಿಸಿದ್ದು ನೆನೆದು ಮುಖ ಬಿಸಿಯಾಯಿತು.

“ಹಾಗಾದ್ರೆ ನನ್ನ ಮಾತು ಯಾಕೆ ಕೇಳಿಸ್ಕೊಂಡ್ರಿ?”

“ಎಂಜಿನ್ ಏನು ಮಾಡಿತ್ತು ಡಾಕ್ಟರ್? ನನಗೂ ಅದು ಇಷ್ಟವೇ. ಗುಂಡು ಹೊಡೆದದ್ದು ಅದಲ್ಲವಲ್ಲ.”

ಮರುವರ್ಷದ ಶರತ್ಕಾಲದಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಹಡಗಿನಲ್ಲಿ ಅಮೆರಿಕಕ್ಕೆ ಬಂದಿದೆ. ಊರೂರು ಸುತ್ತಿ ವಾಷಿಂಗ್ಟನ್ನಿನಿಂದ ಕೆರೊಲಿನಾಗಳ ಮೂಲಕ ಅಟ್ಲಾಂಟಾಕ್ಕೆ ಹೋಗುತ್ತದೆ. ನಳಿನಿ ಪೇಪರು ಹಿಡಿದು ಅಡುಗೆಮನೆಯಲ್ಲೇ ಕುಳಿತುಬಿಟ್ಟಳು. ಅದು ವಾಷಿಂಗ್ಟನ್ನಿನಲ್ಲಿ ಇರುವಾಗೆಲ್ಲ ಅವಳಿಗೆ ಡ್ಯೂಟಿ, ಬದಲಿಗೆ ಯಾರೂ ಒಪ್ಪಲಿಲ್ಲ.

“ರೀ, ನಾರ್ತ್ ಕೆರೊಲಿನಾವರೆಗೂ ಡ್ರೈವ್ ಮಾಡ್ತೀರಾ? ವೀಕೆಂಡ್‌ನಲ್ಲಿ ಅಲ್ಲಿ ಪಾಸ್ ಆಗತ್ತಂತೆ.”

“ಒಂದು ಎಂಜಿನ್ ನೋಡೋಕೆ ಅಷ್ಟು ದೂರಾನಾ? ಹುಚ್ಚು ಕಣೇ ನಿಂಗೆ,” ಎಂದ ಗುರುದತ್ತ. ಆದರೆ ಆ ಸಂಜೆಯೇ ಕಾರಿನ ಟೈರು ನೋಡಿಸಿಕೊಂಡು ಬಂದ.

ಎಜ್ರಾನ ತಂಗಿ ಇದ್ದದ್ದು ಆ ಹಳಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ. ಅವನೂ ಜೊತೆಗೆ ಹೊರಟ. ಶನಿವಾರ ಅವಳ ಮನೆಯಲ್ಲಿ ಉಳಿದು, ಭಾನುವಾರ ಚರ್ಚು ಬಿಟ್ಟ ಮೇಲೆ ಮೂವರೂ ಊರಾಚೆಯ ರೈಲ್ವೆ ಗೇಟಿಗೆ ಹೋದರು. ಜಾತ್ರೆಯಂತೆ ಜನ ಸೇರಿದ್ದರು. ಕ್ಯಾಮೆರಾ ಹಿಡಿದವರು, ಮಡಿಸುವ ಕುರ್ಚಿ ಹಾಕಿಕೊಂಡವರು. ನಳಿನಿ ಹಸಿರು ಸೀರೆ ಉಟ್ಟಿದ್ದಳು. ದೊಡ್ಡ ಸ್ಟೀಲ್ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಆರು ವರ್ಷದ ಮೇಲೆ ಅದನ್ನು ನೋಡುತ್ತೇನೆಂಬ ಸಂಭ್ರಮಕ್ಕೆ ಅವಳ ಬಾಯಿ ನಿಲ್ಲುತ್ತಲೇ ಇರಲಿಲ್ಲ. ಪಕ್ಕದ ಮುದುಕಿಯೊಬ್ಬಳಿಗೆ ಎಂಜಿನ್ನಿನ ಚಕ್ರದ ಎತ್ತರ ತೋರಿಸಿದಳು. ಮುದುಕಿ ಎಜ್ರಾನತ್ತ ನೋಡಿ, ಇವರು ಯಾರು ಎಂದಳು.

“ಇವರೂ ಫೈರ್‌ಮನ್ ಆಗಿದ್ದೋರು. ಇಂಥದೇ ಎಂಜಿನ್ ಓಡಿಸಿದೋರು,” ಎಂದು ನಳಿನಿ ಹೆಮ್ಮೆಯಿಂದ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಹಿಂದೆ ಒಂದು ಪಿಕಪ್ ಟ್ರಕ್ಕಿಗೆ ಒರಗಿ ಮೂವರು ಬಿಯರ್ ಕುಡಿಯುತ್ತಿದ್ದರು. ಅವರಲ್ಲೊಬ್ಬ, ಕೆಂಪು ಕುತ್ತಿಗೆಯ ದಢೂತಿ, ಹತ್ತಿರ ಬಂದ.

“ಏನಂದೆ? ಈ ಕರಿಯ ರೈಲಿನಲ್ಲಿದ್ನಾ? ನಮ್ಮಪ್ಪನ ಕೆಲಸ ತಿಂದೋನು ಇವನೇನಾ?”

ಎಜ್ರಾ ಹಳಿಯ ಕಡೆಗೇ ನೋಡುತ್ತ ನಿಂತ. ಗುರುದತ್ತ ನಡುವೆ ಬಂದು, “ಸರ್, ಪ್ಲೀಸ್, ನಾವು ರೈಲು ನೋಡೋಕೆ ಬಂದಿದೀವಿ ಅಷ್ಟೇ,” ಎಂದ. ಆ ಮನುಷ್ಯ ಗುರುದತ್ತನ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಜಲ್ಲಿಯ ಮೇಲೆ ಬಿದ್ದು ಒಡೆಯಿತು. ಎಜ್ರಾ ಆಗ ತಿರುಗಿ ಅವನ ಕೈ ಹಿಡಿದುಕೊಂಡ. “ಇವರ ಮೇಲೆ ಕೈ ಮಾಡಬೇಡ,” ಎಂದ, ಅಷ್ಟೇ. ಟ್ರಕ್ಕಿನ ಹತ್ತಿರವಿದ್ದ ಇನ್ನೊಬ್ಬ ಓಡಿಬಂದು ಹಿಂದಿನಿಂದ ಎಜ್ರಾನ ಬೆನ್ನಿಗೆ ಒದ್ದ. ಎಜ್ರಾ ಮೊಣಕಾಲೂರಿ ಬಿದ್ದ. ದಢೂತಿ ಬಿಯರ್ ಬಾಟಲಿಯನ್ನು ಗೇಟಿನ ಕಂಬಕ್ಕೆ ಹೊಡೆದು, ಚೂಪಾದ ತುಂಡನ್ನು ಮುದುಕನ ಮುಖಕ್ಕೆ ಬೀಸಿದ. ಎಜ್ರಾ ಕೈ ಅಡ್ಡ ಹಿಡಿದ. ಮೊಣಕೈಯ ಕೆಳಗಿನಿಂದ ಮಣಿಕಟ್ಟಿನವರೆಗೆ ಚರ್ಮ ಬಾಯಿ ತೆರೆಯಿತು. ರಕ್ತ ಎದೆಬಡಿತದ ತಾಳಕ್ಕೆ ಚಿಮ್ಮಿ ನಳಿನಿಯ ಸೀರೆಯ ಮೇಲೆ ಬಿತ್ತು.

ಆತ ಮತ್ತೆ ಕೈಯೆತ್ತಿದ. ನಳಿನಿ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಅಪ್ಪಳಿಸಿದಳು. ಮೂಗಿನ ಮೂಳೆ ಮುರಿದ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇನ್ನೊಮ್ಮೆ ಹೊಡೆದಳು. ಅವನು ಮುಖ ಮುಚ್ಚಿಕೊಂಡು ಕುಕ್ಕರಿಸಿದ. ಬೆರಳುಗಳ ಸಂದಿಯಿಂದ ರಕ್ತವೂ ಕಾಫಿಯೂ ಇಳಿದವು. ಮೂರನೆಯ ಸಲ ಹೊಡೆಯಲು ಅವಳ ಕೈ ಮೇಲೆದ್ದಿತ್ತು. ಆ ಕ್ಷಣದಲ್ಲಿ ತನಗೆ ಆದದ್ದು ಕೋಪವಲ್ಲ, ಸುಖ ಎಂದು ಅವಳು ಬಹಳ ವರ್ಷಗಳ ಮೇಲೆ ಗಂಡನಿಗೆ ಹೇಳಿದಳು. ಅವಳನ್ನು ತಡೆದದ್ದು ಎಜ್ರಾನ ನರಳಿಕೆ. ಫ್ಲಾಸ್ಕು ಬಿಸಾಕಿ ಅವನ ಪಕ್ಕದಲ್ಲಿ ಕುಳಿತು, ಗಾಯದೊಳಕ್ಕೆ ಬೆರಳು ಹಾಕಿ, ಚಿಮ್ಮುತ್ತಿದ್ದ ರಕ್ತನಾಳವನ್ನು ಮೂಳೆಗೆ ಒತ್ತಿ ಹಿಡಿದಳು.

ಆಗಲೇ ದೂರದಲ್ಲಿ ಕೂಗು ಕೇಳಿಸಿತು. ಡಾಂಕಾಸ್ಟರಿನಲ್ಲಿ ಕೇಳಿದ ಕೂಗಲ್ಲ ಅದು. ಅಮೆರಿಕದವರು ಎಂಜಿನ್ನಿಗೆ ತಮ್ಮ ಸೀಟಿಯನ್ನೂ ಗಂಟೆಯನ್ನೂ ಕಟ್ಟಿದ್ದರು. “ಬಂತು! ಬಂತು!” ಎಂದು ಜನ ಕೂಗಿದರು. ಈವರೆಗೆ ಇವರನ್ನೇ ನೋಡುತ್ತ ಬೆರಗಾಗಿ ನಿಂತಿದ್ದವರೆಲ್ಲ ಒಮ್ಮೆಗೇ ಆಚೆ ತಿರುಗಿದರು. ಮೂಗು ಮುರಿಸಿಕೊಂಡವನ ಗೆಳೆಯರೂ ತಿರುಗಿದರು. ನೆಲ ನಡುಗಿತು. ಹಬೆಯ ಮಂಜು ಬಂದು ಎಲ್ಲರ ಕಾಲು ಮುಚ್ಚಿತು. ನಳಿನಿ ತಲೆ ಎತ್ತಲಿಲ್ಲ. ಬೆರಳು ಒಂದಿಷ್ಟು ಜಾರಿದರೂ ಮುದುಕ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. “ಕಣ್ಣು ಮುಚ್ಚಬೇಡಿ, ಮಿಸ್ಟರ್ ಟಾಲ್ಬರ್ಟ್. ನನ್ನ ಜೊತೆ ಮಾತಾಡಿ,” ಎನ್ನುತ್ತಲೇ ಇದ್ದಳು. ಚಕ್ರಗಳ ಅಬ್ಬರದಲ್ಲಿ ಅವನಿಗೆ ಅದು ಕೇಳಿಸಿತೋ ಇಲ್ಲವೋ. ರೈಲು ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಚಕ್ರದ ಎತ್ತರ ಕೇಳಿದ್ದ ಮುದುಕಿಯೇ ತನ್ನ ಮಗನ ಸ್ಟೇಷನ್ ವ್ಯಾಗನ್ ತರಿಸಿದಳು. ಆಸ್ಪತ್ರೆ ಮುಟ್ಟುವವರೆಗೆ ನಳಿನಿ ಬೆರಳು ತೆಗೆಯಲಿಲ್ಲ. ಅಲ್ಲಿನ ಸರ್ಜನ್ ರಕ್ತನಾಳ ಹೊಲಿದ. ಎಜ್ರಾ ಬದುಕಿದ. ಕಿರುಬೆರಳು, ಉಂಗುರದ ಬೆರಳು ಮಾತ್ರ ಮತ್ತೆಂದೂ ಮಡಚಲಿಲ್ಲ.

ಎರಡನೆಯ ದಿನ ಅವನು ಹಾಸಿಗೆಯಲ್ಲಿ ಎದ್ದು ಕುಳಿತಾಗ ಮೊದಲು ಕೇಳಿದ್ದು ಎಂಜಿನ್ನಿನ ವಿಷಯ.

“ಹೇಗಿತ್ತು ಡಾಕ್ಟರ್?”

“ನಾನು ನೋಡಲಿಲ್ಲ. ಇವರು ನೋಡಿರಬೇಕು.”

ಇಬ್ಬರೂ ಗುರುದತ್ತನತ್ತ ತಿರುಗಿದರು. ಊದಿದ ಕೆನ್ನೆಯ ಗುರುದತ್ತ ಕನ್ನಡಕವಿಲ್ಲದ ಕಣ್ಣು ಪಿಳುಕಿಸಿದ.

“ಹಸಿರಾಗಿತ್ತು,” ಎಂದ. “ಅಷ್ಟೇ ಕಂಡಿದ್ದು.”

ಎಜ್ರಾ ನಕ್ಕ. ಹೊಲಿಗೆ ಎಳೆದು ನೋವಾದರೂ ನಕ್ಕ. ನಳಿನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನರ್ಸ್ ಬಂದು ಗದರಿಸುವವರೆಗೆ ಮೂವರೂ ಹಾಗೆಯೇ ಇದ್ದರು.

ಕೇಸು ಆ ಜಿಲ್ಲೆಯ ಕೋರ್ಟಿಗೆ ಬಂತು. ಮೂಗು ಮುರಿಸಿಕೊಂಡವನೇ ನಳಿನಿಯ ಮೇಲೆ ದೂರು ಕೊಟ್ಟಿದ್ದ. ಕ್ಷಮೆ ಕೇಳಿದರೆ ಮುಗಿಯಿತು ಎಂದು ವಕೀಲ ಹೇಳಿದ್ದ. ಗುರುದತ್ತನೂ, “ಸುಮ್ನೆ ಸಾರಿ ಅಂದ್ಬಿಡು ನಳಿನಿ, ನಮ್ಮ ಗ್ರೀನ್ ಕಾರ್ಡ್‌ಗೆ ಪ್ರಾಬ್ಲಂ ಆಗತ್ತೆ,” ಎಂದಿದ್ದ. ಮಾಡಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಜಡ್ಜ್ ಕೇಳಿದಾಗ ಅವಳು ಮೆಲ್ಲಗೆ, ಎಲ್ಲರಿಗೂ ಕೇಳಿಸುವಂತೆ, “ಇಲ್ಲ. ಅವನು ಇನ್ನೊಮ್ಮೆ ಬಾಟಲಿ ಎತ್ತಿದ್ದರೆ ನಾನೂ ಇನ್ನೊಮ್ಮೆ ಫ್ಲಾಸ್ಕು ಎತ್ತುತ್ತಿದ್ದೆ,” ಎಂದಳು. ನಳಿನಿಗೂ ಆ ದಢೂತಿಗೂ ದಂಡ ಹಾಕಿ ಜಡ್ಜ್ ಎದ್ದುಹೋದ. ಮುದುಕನ ಕೈ ಸೀಳಿದ್ದಕ್ಕೂ ಮೂಗು ಮುರಿದದ್ದಕ್ಕೂ ಒಂದೇ ಶಿಕ್ಷೆ.

ಎಜ್ರಾ ಬಾಯ್ಲರ್ ಮನೆಯ ಸಲಿಕೆ ಹಿಡಿಯಲಾರದವನಾಗಿ ನಿವೃತ್ತನಾದ. ಭಾನುವಾರಗಳಲ್ಲಿ ರಾಕ್‌ವಿಲ್ಲಿಗೆ ಊಟಕ್ಕೆ ಬರುತ್ತಿದ್ದ. ಬಿಸಿಬೇಳೆಬಾತು ಅವನಿಗೆ ಬಲು ಇಷ್ಟ. ಖಾರ ಸಾಲದು ಎಂದು ಜಗಳ ತೆಗೆಯುತ್ತಿದ್ದ. ಸ್ಕಾಟ್ಸ್‌ಮನ್ ಇನ್ನೂ ಎರಡು ಮೂರು ವರ್ಷ ಈ ದೇಶದಲ್ಲಿ ಅಲೆದು, ಒಡೆಯ ದಿವಾಳಿಯಾಗಿ, ಕೊನೆಗೆ ಬೇರೊಬ್ಬ ಅದನ್ನು ಬಿಡಿಸಿಕೊಂಡು ಇಂಗ್ಲೆಂಡಿಗೆ ವಾಪಸು ಒಯ್ದ. ಆ ಸುದ್ದಿ ಬಂದಾಗ, ಒಮ್ಮೆ ಹೋಗಿ ನೋಡಿ ಬರೋಣವೇ ಎಂದು ಗುರುದತ್ತ ಕೇಳಿದ. ನಳಿನಿ ಒಲ್ಲೆನೆಂದಳು. ತಾನು ಅದರ ಸದ್ದಿಗೆ ಓಡಿಹೋಗುತ್ತಿದ್ದುದು ಜನರ ಕಿರುಚಾಟ ಮರೆಯಲು. ಆ ಭಾನುವಾರ ಅದು ಅಷ್ಟು ಹತ್ತಿರ ಹಾದುಹೋದರೂ, ಮುದುಕನ ಉಸಿರಿನ ಹೊರತು ತನಗೆ ಏನೂ ಕೇಳಿಸಿರಲಿಲ್ಲ ಎಂದಳು.

ಎಜ್ರಾ ೧೯೭೭ರ ಚಳಿಗಾಲದಲ್ಲಿ ನಿದ್ದೆಯಲ್ಲೇ ತೀರಿಕೊಂಡ. ಚರ್ಚಿನಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಡಲು ಐದು ಜನ ಗಂಡಸರು ಮುಂದೆ ಬಂದರು. ಆರನೆಯ ಜಾಗ ಖಾಲಿಯಿತ್ತು. ಹೆಂಗಸರು ಹೊರುವ ರೂಢಿ ಅಲ್ಲಿ ಇರಲಿಲ್ಲ. ನಳಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ನಿಂತಳು. ಎಜ್ರಾನ ತಂಗಿ ಅವಳನ್ನು ಒಂದು ಗಳಿಗೆ ನೋಡಿ, ಹೂಂ ಎಂದು ತಲೆಯಾಡಿಸಿದಳು.