ಮಲಗದ ತೆಂಗಿನಕಾಯಿ

ತೊಂಬತ್ತರ ದಶಕದಲ್ಲಿ, ಅಪ್ಪನಿಗೆ ಆಫೀಸಿನಿಂದ ಎಲ್‌ಟಿಸಿ ಪ್ರವಾಸಭತ್ಯೆ ಸಿಕ್ಕ ವರ್ಷ, ನಾವು ಅರಸೀಕೆರೆಯಲ್ಲಿ ರೈಲು ಹತ್ತಿ ಹಿಮಾಲಯದ ಬಿಸಿನೀರಿನ ಬುಗ್ಗೆ ನೋಡಲು ಹೋದೆವು. ಜೊತೆಗೆ ಗೆಂಡೆಹಳ್ಳಿಯ ಸೋದರಮಾವ ಇದ್ದರು. ಬೋರ್‌ವೆಲ್ ಕೊರೆಸುವವರಿಗೆ ಜಾಗ ತೋರಿಸುವುದು ಅವರ ಕಸುಬು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ, ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದೆ. ನಾನು ಅದನ್ನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ.

ಬೆಟ್ಟಕ್ಕೆ ಒರಗಿಸಿ ಕಟ್ಟಿದ್ದ ಲಾಡ್ಜಿನಲ್ಲಿ ನಮ್ಮ ಕೋಣೆಯ ನೆಲ ಬೆಚ್ಚಗಿತ್ತು. ಇಂಥ ಚಳಿಯಲ್ಲಿ ಇದೇ ದೊಡ್ಡ ಪುಣ್ಯ ಎಂದು ಅಮ್ಮ ಬೆಳಿಗ್ಗೆಯಿಂದ ಹೊಗಳುತ್ತಲೇ ಇದ್ದಳು.

ಮಧ್ಯಾಹ್ನ, ಗಂಧಕ ನಾರುವ ಕುಂಡದಲ್ಲಿ ಮಿಂದ ಮೇಲೆ, ಮಾವ ಪೂಜೆಗೆಂದು ತಂದಿದ್ದ ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡರು. ಊರಲ್ಲಾದರೆ ಅರ್ಧ ಹೊಲ ಸುತ್ತಬೇಕಿತ್ತು. ಇಲ್ಲಿ ಮೊದಲ ಹೆಜ್ಜೆಗೇ ನಿಂತಿತು. ನಾವು ನಕ್ಕೆವು. ಮಾವ ಕುಂಡ ಬಿಟ್ಟು, ಅಂಗಡಿ ಸಾಲು ದಾಟಿ, ದೇವದಾರು ಮರಗಳ ಕೆಳಗೆ ಬಿರುಕು ಬಿಟ್ಟ ರಸ್ತೆಯಲ್ಲಿ ನಡೆದರು. ಕಾಯಿ ಮಲಗಲಿಲ್ಲ. ಲಾಡ್ಜಿನ ಮೆಟ್ಟಿಲು ಹತ್ತಿ ಕೋಣೆಯೊಳಗೆ ಬಂದರೂ ಮಲಗಲಿಲ್ಲ.

"ನೀರಿನ ಊರು ಕಣಯ್ಯ, ನಿಲ್ಲದೆ ಇನ್ನೇನು ಮಾಡುತ್ತೆ?" ಎಂದರು ಅಪ್ಪ.

"ನೀರೇನೋ ಐತೆ ಭಾವ," ಎಂದರು ಮಾವ. "ನೆಲ ಎಲ್ಲೈತೆ?"

ಅಮ್ಮ ಎದ್ದು, ಆ ಬೆಚ್ಚನೆಯ ನೆಲದ ಮೇಲೆ ಸುಖವಾಗಿ ನಿದ್ದೆ ಹೋಗಿದ್ದ ನನ್ನ ತಂಗಿಯನ್ನು ಮೆಲ್ಲಗೆ ಎತ್ತಿಕೊಂಡಳು.