ಮಾರಕ್ಕ ಸಾಕಿಕೊಂಡ ಫಂಡು

ಕೋಡಿಹಳ್ಳಿಯ ಮಾರಕ್ಕನ ಮನೆಯ ದೇವರ ಗೂಡಿನಲ್ಲಿ ಮುನೇಶ್ವರನ ಪಟದ ಪಕ್ಕದಲ್ಲಿ ಇನ್ನೊಂದು ಪಟವಿತ್ತು. ಚಿನ್ನದ ಬಣ್ಣದ ಅಂಚು, ನಡುವೆ ಕರುವಿಗೆ ಹಾಲೂಡಿಸುತ್ತಿರುವ ಹಸು, ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಬರಹ. ಅದು ದೇವರ ಪಟವಲ್ಲ, ಸ್ವರ್ಣಧೇನು ಎಂಬ ಮ್ಯೂಚುವಲ್ ಫಂಡಿನ ಸರ್ಟಿಫಿಕೇಟು. ಹಸುವಿನ ಚಿತ್ರವಿರುವ ಕಾಗದವನ್ನು ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ತುರುಕುವ ಹೆಂಗಸಲ್ಲ ಮಾರಕ್ಕ. ಕಟ್ಟು ಹಾಕಿಸಿ ತಂದು ಗೂಡಿನಲ್ಲಿಟ್ಟಳು. ಪ್ರತಿ ಸಂಕ್ರಾಂತಿಗೆ ಕೊಟ್ಟಿಗೆಯ ಹಸುಗಳಿಗೆ ಅರಿಶಿನ ಹಚ್ಚಿದ ಕೈಯಲ್ಲೇ ಅದಕ್ಕೂ ಒಂದು ಬೊಟ್ಟು. ಒಂಬತ್ತು ವರ್ಷದಲ್ಲಿ ಗಾಜಿನ ಮೇಲೆ ಕುಂಕುಮ ಎಷ್ಟು ಕೂತಿತ್ತೆಂದರೆ ಕರು ಕಾಣುತ್ತಲೇ ಇರಲಿಲ್ಲ.

ನಗಬೇಡಿ. ನಾವು ನೀವು ಬ್ಯಾಂಕ್ ಪಾಸ್‌ಬುಕ್ಕನ್ನು ಕಣ್ಣಿಗೊತ್ತಿಕೊಳ್ಳುವುದಿಲ್ಲವೇ?

ಮಾರಕ್ಕನ ಗಂಡ ರಾಮಾಂಜಿನಪ್ಪ ಸೊಪ್ಪು ಬೆಳೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಹೊಲವೆಲ್ಲ ಸೈಟುಗಳಾಯಿತು. ಕೈಗೆ ಬಂದ ದುಡ್ಡಿನಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿ, ಮಗ ವಸಂತನಿಗೊಂದು ವ್ಯಾನು ಕೊಡಿಸಿ, ಕೊನೆಗೆ ಉಳಿದದ್ದು ಒಂದು ಲಕ್ಷ. ಅದು ತೊಂಬತ್ನಾಲ್ಕನೇ ಇಸವಿ. ಆಗ ಬಂದವನು ಮಾರಕ್ಕನ ಅಣ್ಣನ ಮಗ ಅಂಜನಮೂರ್ತಿ. ತಾಯಿಯಿಲ್ಲದ ಕೂಸನ್ನು ಮೂರು ವರ್ಷದವನಿದ್ದಾಗಿನಿಂದ ಮಾರಕ್ಕನೇ ಸಾಕಿದ್ದಳು. ಕೆ.ಆರ್.ಪುರದ ಕಡೆ ಅವನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿ, ಹೊಸದಾಗಿ ಫಂಡು ಮಾರುವ ಏಜೆಂಟನಾಗಿದ್ದ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಇಸ್ತ್ರಿ ಮಾಡಿದ ಅಂಗಿ. ಅವನ ಮೊದಲ ಗಿರಾಕಿ ಅತ್ತೆ. ಎಲ್ಲಿ ಹೆಬ್ಬೆಟ್ಟೊತ್ತಬೇಕೆಂದು ಅವನು ತೋರಿಸಿದ, ಅವಳು ಒತ್ತಿದಳು. ಆ ದಿನ ಅವಳಿಗೆ ಕಂಡದ್ದು ಫಂಡಲ್ಲ, ಹುಡುಗನ ಮುಖದಲ್ಲಿ ತಿರುಗಿ ಬಂದ ಕಳೆ.

ಅಂದಿನಿಂದ ಪ್ರತಿ ಸಂಕ್ರಾಂತಿಗೆ ಮೂರ್ತಿ ತಪ್ಪದೆ ಬರುತ್ತಿದ್ದ. ಎಳ್ಳು, ಎರಡು ಜಲ್ಲೆ ಕಬ್ಬು, ಅತ್ತೆಗೊಂದು ಸೀರೆ. ಊಟವಾದ ಮೇಲೆ ಕಂಪನಿಯ ಕಾಗದ ಬಿಚ್ಚಿ ನೋಡಿ, ಕೆಮ್ಮಿ, ಮತ್ತೆ ಮಡಿಸುತ್ತಿದ್ದ.

"ಈ ವರ್ಷ ಸ್ವಲ್ಪ ಇಳ್ದೈತೆ ಅತ್ತೆ. ಈಗ ತೆಗೆದ್ರೆ ಲಾಸು. ಹಾಕಿದ್ದಷ್ಟಾದ್ರೂ ವಾಪಸ್ ಬರ್ಲಿ, ಆಮೇಲೆ ನೋಡಣ."

"ನಿಂಗೊತ್ತಿರ್ತದೆ ಬಿಡಪ್ಪ. ಇನ್ನೊಂದು ಹೋಳಿಗೆ ಹಾಕ್ಕೊ."

ಒಂಬತ್ತು ವರ್ಷ ಇದೇ ಮಾತು, ಇದೇ ಹೋಳಿಗೆ.

ಎರಡು ಸಾವಿರದ ಮೂರರಲ್ಲಿ ಮೊಮ್ಮಗಳು ನಿಖಿತಾ ಪಿಯುಸಿ ಪಾಸಾಗಿ, ಕಮ್ಮನಹಳ್ಳಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಗಿಟ್ಟಿಸಿಕೊಂಡಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ನಲವತ್ತೈದು ಸಾವಿರ ಫೀಸನ್ನು ಬರುವ ಶುಕ್ರವಾರ ಬಿಟ್ಟು ಅದರಾಚೆಯ ಶುಕ್ರವಾರದೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು. ವಸಂತನ ವ್ಯಾನು ರಿಪೇರಿಗೆ ನಿಂತು ತಿಂಗಳಾಗಿತ್ತು. ಮೂರ್ತಿಗೆ ಫೋನು ಮಾಡಿಸಿದರೆ ಅದೇ ಹಾಡು: ಈಗ ಬೇಡ, ತಡೀರಿ.

"ಸರ ಅಡ ಇಡ್ತೀನಿ. ಫಂಡು ಮುಟ್ಟಲ್ಲ" ಅಂದಳು ಮಾರಕ್ಕ.

ನಿಖಿತಾ ಸಿಟ್ಟಿನಿಂದ ಗೂಡಿನ ಪಟ ಕಿತ್ತು, ಕಂಪನಿಯ ಕಾಗದಗಳನ್ನೂ ಎತ್ತಿಕೊಂಡು, ಅಜ್ಜಿಯ ಕೈಹಿಡಿದು ಜೀವನ್ ಬಿಮಾ ನಗರಕ್ಕೆ ನಡೆಸಿಕೊಂಡು ಹೋದಳು. ಅಲ್ಲಿ ಸುಭದ್ರಮ್ಮನವರ ಮನೆ. ವಿಮಾ ಕಚೇರಿಯಿಂದ ನಿವೃತ್ತರಾದವರು, ಹತ್ತು ವರ್ಷದಿಂದ ಮಾರಕ್ಕನ ಬಳಿ ದಿನಾ ಹಾಲು ಹಾಕಿಸಿಕೊಳ್ಳುವ ವರ್ತನೆಯವರು. ಬೀದಿಯ ಜನ ಹಣಕಾಸಿನ ಕಾಗದಗಳನ್ನು ಅವರ ಬಳಿ ತಂದು ತೋರಿಸುವ ರೂಢಿಯಿತ್ತು. ಆದರೆ ಪಟ ಮೇಜಿನ ಮೇಲಿಟ್ಟ ಕೂಡಲೇ ಅವರು ಹೇಳಿದ್ದು ಕೇಳಿ ಮಾರಕ್ಕನ ಮೈ ಉರಿದುಹೋಯಿತು.

"ನೂರು ರೂಪಾಯಿ ಆಗುತ್ತೆ ಮಾರಕ್ಕ."

"ಏನ್ರಮ್ಮಾ ಇದು, ಕಾಗ್ದ ನೋಡಕ್ಕೂ ದುಡ್ಡಾ? ನಮ್ಮ ಮೂರ್ತಿ ಒಂಬತ್ತು ವರ್ಷದಿಂದ ಒಂದು ಕಾಸೂ ಮುಟ್ಟಿಲ್ಲ."

"ಅವನಿಗೆ ಕಂಪನಿ ಕೊಡುತ್ತೆ. ನಿಮ್ಮ ದುಡ್ಡು ಅಲ್ಲಿರೋವರೆಗೂ ವರ್ಷಾವರ್ಷ ಕೊಡುತ್ತೆ, ನಿಮ್ಮ ದುಡ್ಡಿಂದಾನೇ. ನೀವು ತೆಗೆದ ದಿನ ನಿಲ್ಲುತ್ತೆ. ನನಗೆ ನೀವು ಬಿಟ್ರೆ ಯಾರೂ ಕೊಡಲ್ಲ. ತೆಗೀರಿ ಅಂದ್ರೂ ನೂರೇ, ಇಡಿ ಅಂದ್ರೂ ನೂರೇ."

ಮಾರಕ್ಕ ಎಲೆಅಡಿಕೆ ಚೀಲ ಬಿಚ್ಚಿ ನೂರರ ನೋಟು ತೆಗೆದಿಟ್ಟಳು. ಕೊಟ್ಟ ರಭಸ ನೋಡಿದರೆ ನಾಳೆಯಿಂದ ಆ ಮನೆಯ ಹಾಲಿಗೆ ನೀರು ಬೀಳುವುದು ಖಂಡಿತ ಅನ್ನಿಸುವಂತಿತ್ತು.

ಸುಭದ್ರಮ್ಮ ಕನ್ನಡಕ ಏರಿಸಿ, ಕಂಪನಿಯ ಕಾಗದಗಳನ್ನೆಲ್ಲ ಓದಿದರು. ಹಾಕಿದ್ದ ಒಂದು ಲಕ್ಷ ಈಗ ಬರೀ ಅರವತ್ತೆರಡು ಸಾವಿರಕ್ಕೆ ಇಳಿದಿತ್ತು. ಬ್ಯಾಂಕಿನಲ್ಲಿ ಡಿಪಾಸಿಟ್ಟು ಇಟ್ಟಿದ್ದರೂ ಎರಡು ಪಟ್ಟು ದಾಟುತ್ತಿತ್ತು ಎಂದರು.

"ಇಷ್ಟು ಕೆಟ್ಟದ್ದಾದ್ರೆ ಆ ಕಂಪ್ನಿ ಯಾಕ್ ಇನ್ನೂ ಮುಚ್ಚಿಲ್ಲ ಆಂಟಿ?" ನಿಖಿತಾ ಕೇಳಿದಳು.

"ಯಾಕೆ ಮುಚ್ಚುತ್ತೆ? ನಿಮ್ಮಜ್ಜಿಯಂಥೋರು ಸಾವಿರಾರು ಜನ ಇದ್ದಾರಲ್ಲ. ಕೆಲವರು ಹಾಕಿದ್ದನ್ನೇ ಮರೆತಿರ್ತಾರೆ. ಮಿಕ್ಕವರು ಅಸಲಾದ್ರೂ ಬರಲಿ ಅಂತ ಕಾಯ್ತಾ ಇರ್ತಾರೆ. ಸೋತರೂ ಗೆದ್ದರೂ ಕಂಪನಿ ತನ್ನ ಖರ್ಚು ಮುರ್ಕೊಳ್ಳುತ್ತೆ. ಯಾರೂ ಎದ್ದು ಹೋಗದಿದ್ರೆ ಅದಕ್ಕೇನು ಕಷ್ಟ?"

ಮಾರಕ್ಕ ತಲೆ ತಗ್ಗಿಸಿ ಹೇಳಿದಳು. "ನಮ್ಮ ಕೆಂಚಿ ಗೊಡ್ಡು ಬಿದ್ಮೇಲೂ ಏಳು ವರ್ಷ ಸಾಕ್ದೆ ಕಣಮ್ಮ. ಹಾಲು ಕೊಡಲ್ಲ ಅಂತ ಹಸು ಮಾರ್ಕೊಳ್ಳೋ ಜನ ಅಲ್ಲ ನಾವು."

ಸುಭದ್ರಮ್ಮ ನಗಲಿಲ್ಲ. ಕುರ್ಚಿ ಹತ್ತಿರಕ್ಕೆಳೆದುಕೊಂಡರು.

"ಕೆಂಚಿಗೆ ನೀವು ಗೊತ್ತಿತ್ತು. ನೀವು ಬಂದ್ರೆ ಕಿವಿ ನಿಮಿರ್ಸ್ತಿತ್ತು. ಕೊನೇವರೆಗೂ ಸಗಣಿನಾದ್ರೂ ಹಾಕ್ತು. ಇದು ಬರೀ ಹಸು ಚಿತ್ರ ಮಾರಕ್ಕ. ಇದಕ್ಕೆ ನಿಮ್ಮ ಹೆಸರೂ ಗೊತ್ತಿಲ್ಲ. ಇದು ತಿಂತಿರೋದು ಈ ಮಗು ಓದನ್ನ."

ಮಾರಕ್ಕ ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವಳ ಚಿಂತೆ ಹೋದ ದುಡ್ಡಿನದಲ್ಲ. ಮೂರ್ತಿ ತನಗೆ ಮೋಸ ಮಾಡಿದನೇ ಎಂಬ ಒಂದೇ ಮಾತು ಎದೆಯಲ್ಲಿ ನಿಂತುಬಿಟ್ಟಿತು.

ಮರುದಿನ ಹಾಲು ಹಾಕಿ ಮುಗಿಸಿ, ಬಸ್ಸು ಹಿಡಿದು ರಾಮಮೂರ್ತಿ ನಗರಕ್ಕೆ ಹೋದಳು. ಮೂರ್ತಿ ಬಾಡಿಗೆ ಮನೆಯ ಜಗಲಿಯ ಮುಂದೆ ಸ್ಕೂಟರ್ ಒರೆಸುತ್ತಿದ್ದ. ಅತ್ತೆಯ ಕೈಯಲ್ಲಿ ಪಟ ಕಂಡು ಬಟ್ಟೆ ಕೆಳಗಿಟ್ಟ.

"ನಿಂಗೆ ಗೊತ್ತಿತ್ತಾ?" ಅಂದಳು ಮಾರಕ್ಕ.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇದು ಕೆಟ್ಟ ಫಂಡು ಅಂತ ಆರು ವರ್ಷದಿಂದ ಗೊತ್ತು ಅತ್ತೆ. ತೆಗೀರಿ ಅಂದ್ರೆ ನಿಮ್ಮ ದುಡ್ಡು ನಾನೇ ಮುಳುಗಿಸ್ದೆ ಅಂತ ಒಪ್ಕೊಂಡಂಗಾಗ್ತಿತ್ತು. ಒಂದ್ಸಲ ಮೇಲೆ ಬಂದ್ಬಿಟ್ರೆ ಹೇಳೋದೇ ಬೇಡ ಅಂತ ಕಾಯ್ದೆ. ನಂದೂ ಮೂವತ್ತು ಸಾವಿರ ಅದ್ರಲ್ಲೇ ಐತೆ. ನಂದೂ ತೆಗೆದಿಲ್ಲ."

"ಕಮಿಷನ್ನು?"

"ವರ್ಷಕ್ಕೆ ಮುನ್ನೂರ ಐವತ್ತೋ ನಾನೂರೋ ಬರ್ತಿತ್ತು." ಅವನು ಜಗಲಿಯ ಅಂಚಿನಲ್ಲಿ ಕೂತ. "ಅದನ್ನ ನಾನು ತಿನ್ಲಿಲ್ಲ ಅತ್ತೆ. ಸಂಕ್ರಾಂತಿಗೆ ನಿಮ್ಗೆ ಸೀರೆ ತಂದೆ."

ಮಾರಕ್ಕ ತನ್ನ ಮೈಮೇಲಿನ ಸೀರೆ ನೋಡಿಕೊಂಡಳು. ಹಸಿರು ಒಡಲು, ಕೆಂಪು ಅಂಚು, ಎರಡು ವರ್ಷದ ಹಿಂದಿನದು. ಬೀದಿಯವರಿಗೆಲ್ಲ ತೋರಿಸಿ, ನನ್ನ ಅಳಿಯ ತಂದದ್ದು ಎಂದು ಮೆರೆದದ್ದು. ಒಂಬತ್ತು ವರ್ಷ ತನ್ನ ದುಡ್ಡಿನಲ್ಲಿ ತಾನೇ ಸೀರೆ ಕೊಂಡು ಉಟ್ಟಂತಾಗಿತ್ತು. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಮೊದಲು ನಗು ಬಂತು, ನಗುವಿನ ಹಿಂದೆಯೇ ಅಳು.

"ಥೂ ಕತ್ತೆ, ಆ ದುಡ್ಡು ನಂಗೇ ಕೊಟ್ಟಿದ್ರೆ ಒಳ್ಳೆ ಬಣ್ಣದ್ದಾದ್ರೂ ತಗೊಂತಿದ್ದೆ" ಅಂದು ಸೆರಗಿನಿಂದ ಅವನ ಕಣ್ಣು ಒರೆಸಿದಳು. "ಏಳು. ನಂದೂ ತೆಗಿ, ನಿಂದೂ ತೆಗಿ. ಮಗೀಗೆ ಫೀಸು ಕಟ್ಬೇಕು."

ಅದೇ ದಿನ ಅರ್ಜಿ ಕೊಟ್ಟರು. ಕಂಪನಿಯ ಚೆಕ್ಕು ಬಂದದ್ದು ಫೀಸಿನ ಗಡುವಿನ ಹಿಂದಿನ ದಿನ, ಗುರುವಾರ. ಅದು ಪಾಸಾಗುವವರೆಗೆ ಕಾಯಲು ದಿನವಿರಲಿಲ್ಲ. ಸುಭದ್ರಮ್ಮ ತಮ್ಮ ಖಾತೆಯಿಂದ ಫೀಸು ಕಟ್ಟಿ ಮುಂದಿನ ವಾರ ವಾಪಸು ತೆಗೆದುಕೊಂಡರು. ಉಳಿದದ್ದನ್ನು ಅವರ ಮಾತಿನಂತೆ ಅಂಚೆ ಕಚೇರಿಯಲ್ಲಿಟ್ಟರು. ಅದಕ್ಕೂ ಅವರು ನೂರು ರೂಪಾಯಿ ಇಸಕೊಂಡರು, ಮಾರಕ್ಕನೂ ಈ ಸಲ ಮುಖ ಗಂಟು ಹಾಕದೆ ಕೊಟ್ಟಳು. ಹಾಲಿಗೆ ನೀರೂ ಬೀಳಲಿಲ್ಲ.

ಮುಂದಿನ ಸಂಕ್ರಾಂತಿ ಬಂತು. ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದಾಯಿತು. ಹನ್ನೆರಡಾದರೂ ಮೂರ್ತಿ ಇಲ್ಲ. ಮಾರಕ್ಕ ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದಳು. ಐದನೇ ಸಲ ನೋಡಿದರೆ ಅವನು ಬೀದಿಯ ಆ ಬದಿ ಸ್ಕೂಟರಿಗೆ ಒರಗಿ ನಿಂತಿದ್ದ. ಎಷ್ಟು ಹೊತ್ತಾಗಿತ್ತೋ ಏನೋ, ಅಂಗಿ ಬೆನ್ನಿಗೆ ಅಂಟಿತ್ತು.

"ಒಳಗೆ ಬಾರೋ" ಅಂದಳು.

ಅವನು ಎರಡೂ ಕೈ ತೋರಿಸಿದ.

"ಈ ಸಲ ಏನೂ ತಂದಿಲ್ಲ ಅತ್ತೆ."

"ಅದಕ್ಕೇ ಒಳಗೆ ಬಾ ಅಂದಿದ್ದು" ಅಂದಳು ಮಾರಕ್ಕ.