ಗೋಡೆಗೇರಿದ ಪರದೆ

ಕಳೆದ ವಾರ ಬೀದರದ ತರಬೇತಿ ಸಭಾಂಗಣದಲ್ಲಿ ಒಂದು ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿದರು. ಒಳಗಿದ್ದದ್ದು ಮೇಜಿನಂತಹ ಡಿಜಿಟಲ್ ಪರದೆ. ಸುತ್ತ ಕುಳಿತು ಎಲ್ಲರೂ ಬೆರಳಿನಿಂದ ಬರೆಯಲೆಂದೇ ತಯಾರಿಸಿದ್ದು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದೊಡನೆ ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಯ ಗಣಿತದ ಹಿರಿಯ ಮಾಸ್ತರು ನೆನಪಾದರು...

ಭಾಲ್ಕಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಗೆದ್ದು, ಶಿಕ್ಷಣವನ್ನು ಬದಲಿಸಿಯೇ ತೀರುವೆನೆಂಬ ಹಟದಿಂದ ನಾನು ಸಂಸ್ಥೆಯೊಂದನ್ನು ಸೇರಿದ್ದ ಕಾಲವದು. ಮಕ್ಕಳು ಗುಂಪಾಗಿ ಕಲಿಯಲೆಂದು ಶಾಲೆಗಳಿಗೆ ಬೆರಳಿನಿಂದ ಬರೆಯುವ ಪರದೆಗಳನ್ನು ಕೊಡುತ್ತಿದ್ದೆವು. ಎಲ್ಲೆಡೆ ಅವು ಗೋಡೆಯನ್ನೇರಿದವು. ಮಾಸ್ತರು ಮಾತ್ರ ಬೆಂಚುಗಳನ್ನು ಜೋಡಿಸಿ, ತಮ್ಮ ಶಾಲೆಯದನ್ನು ಅವುಗಳ ಮೇಲೆ ಅಂಗಾತ ಮಲಗಿಸಿದ್ದರು. ಕಾರಣ ಕೇಳಿದ್ದಕ್ಕೆ ನಕ್ಕರು.

"ನಮ್ಮ ಮನಿಗಿ ಬರ್ರಿ ಬೇಟಾ. ಊಟದ ಬಟ್ಟಿ, ದಸ್ತರಖಾನ್, ನೆಲಕ್ಕ ಹಾಸ್ತೇವಿ, ಸುತ್ತ ಕೂತು ಉಣ್ತೇವಿ. ಊಟ ಗೋಡಿಗಿ ಹಚ್ಚಿ, ದೂರ ಕೂತು ನೋಡ್ರಿ ಅಂದ್ರ ಯಾರ ಹೊಟ್ಟಿ ತುಂಬ್ತದ?"

ಮಕ್ಕಳು ನಾಲ್ಕೂ ಬದಿಗೆ ಕೂಡುತ್ತಿದ್ದರು. ಒಂದು ಬದಿಯವರಿಗೆ ಅಕ್ಷರ ನೇರ, ಎದುರಿನವರಿಗೆ ತಲೆಕೆಳಗು. ಆದ್ದರಿಂದ ಪ್ರತಿ ಲೆಕ್ಕ ಮುಗಿದೊಡನೆ ಎಲ್ಲರೂ ಒಂದು ಬದಿ ಸರಿಯಬೇಕು. ತಲೆಕೆಳಗಿನ ಪಾಳಿ ಯಾರಿಗೂ ತಪ್ಪದು. ನೇರ ಬದಿಯವರು ಎದುರಿನವರಿಗೆ ಓದಿ ಹೇಳಬೇಕು. ಬರೆದವರನ್ನು ಕೇಳದೆ ಯಾರೂ ಅಳಿಸುವಂತಿಲ್ಲ. ಸದಾ ಹಿಂದಿನ ಬೆಂಚಿನಲ್ಲಿ ಮೌನವಾಗಿರುತ್ತಿದ್ದ ಹುಡುಗಿಯೊಬ್ಬಳು ತನ್ನ ಪಾಳಿ ಬಂದಾಗ ಗಟ್ಟಿಯಾಗಿ ಓದಿ ಹೇಳುತ್ತ, ತರಗತಿಯ ಜಾಣರ ತಪ್ಪನ್ನೇ ಹಿಡಿಯತೊಡಗಿದಳು. ಇಕಿಗಿ ಈಗ ಬಾಯಿ ಬಂತು ನೋಡ್ರಿ ಎಂದು ಮಾಸ್ತರು ಹಿಗ್ಗುತ್ತಿದ್ದರು.

ತಪಾಸಣೆಗೆ ಬಂದ ಅಧಿಕಾರಿಗೆ ಕಂಡದ್ದು ಗದ್ದಲ ಮಾತ್ರ. ಪರದೆಯನ್ನು ಗೋಡೆಗೇರಿಸುವ ವಿಷಯ ಬೀದರದ ಸಭೆಗೆ ಬಂತು. ತಮ್ಮ ಪರವಾಗಿ ಮಾತನಾಡುವ ಕೆಲಸವನ್ನು ನನಗೆ ವಹಿಸಿ ಮಾಸ್ತರು ಕೊನೆಯ ಸಾಲಿನಲ್ಲಿ ಕುಳಿತರು. ಮಕ್ಕಳು ತಲೆಕೆಳಗಾಗಿ ಓದುವುದು ಯಾವ ಸೀಮೆಯ ಪಾಠವೆಂದು ಅಧಿಕಾರಿ ಕೇಳಿದರು. ಸಭೆ ನಕ್ಕಿತು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಒಂದು ಶಾಲೆಗಾಗಿ ಅಧಿಕಾರಿಯನ್ನು ಎದುರುಹಾಕಿಕೊಂಡರೆ ಮಿಕ್ಕ ಶಾಲೆಗಳ ಪರದೆಗಳೂ ಕೈತಪ್ಪುತ್ತವೆಂದು ಅಂಜಿದೆ. ಸದ್ಯಕ್ಕೆ ಗೋಡೆಯೇ ಸೂಕ್ತವೆಂದು ಮೂರು ಕಾರಣಗಳನ್ನು ಕ್ರಮವಾಗಿ ಮಂಡಿಸಿದೆ. ಚಪ್ಪಾಳೆಯೂ ಬಿತ್ತು.

ಹೊರಗೆ ಬಸ್ಸಿಗೆ ಕಾಯುತ್ತ ಮಾಸ್ತರು ನನ್ನ ಪಕ್ಕದಲ್ಲಿ ನಿಂತರು.

"ಛಲೋ ಮಾತಾಡಿದ್ರಿ," ಎಂದರು. "ಜವಾಬು ಗೊತ್ತಿಲ್ಲದವ್ರು ಸುಮ್ನ ಕೂತ್ರ ನನಗ ಬ್ಯಾಸರಿಲ್ಲ. ನಿಮಗ ಗೊತ್ತಿತ್ತಲ್ರಿ?"

ಅಂದು ಅವರು ಬೇಟಾ ಎನ್ನಲಿಲ್ಲ.

ಪರದೆ ಗೋಡೆಯನ್ನೇರಿತು. ಮಕ್ಕಳು ಸಾಲಾಗಿ ಕುಳಿತರು. ಆ ಹುಡುಗಿ ಹಿಂದಿನ ಬೆಂಚಿಗೆ ಮರಳಿದಳೆಂದು ಕೇಳಿದೆ. ನನ್ನ 'ಸದ್ಯ' ಎಂದೂ ಮುಗಿಯಲಿಲ್ಲ. ಔರಾದಿಗೆ ಹೋಗುವ ಕೆಲಸ ಬಂದಾಗಲೆಲ್ಲ ಬೇರೊಬ್ಬರನ್ನು ಕಳಿಸಿದೆ... ತತ್ತ್ವಕ್ಕಾಗಿ ಬದುಕುತ್ತೇನೆಂದು ನಂಬಿದ್ದವನು, ಒಬ್ಬ ಮುದುಕನ ಮುಖ ನೋಡಲು ಹೆದರಿದೆ.

ಕಳೆದ ವಾರದ ತರಬೇತಿಯಲ್ಲಿ, ಹೊಸ ಪರದೆಯ ಎದುರು ಬದಿಯ ಮಕ್ಕಳು ಹೇಗೆ ಓದಬೇಕೆಂದು ಒಬ್ಬ ಶಿಕ್ಷಕಿ ಕೇಳಿದರು. ಎದ್ದು ನಿಂತು ಹೇಳಿದೆ: ಪಾಳಿಯನ್ನು, ಓದಿ ಹೇಳುವ ನಿಯಮವನ್ನು, ಕೇಳದೆ ಅಳಿಸಬಾರದೆಂಬುದನ್ನು. ಇದು ನನ್ನದಲ್ಲ, ಒಬ್ಬ ಮಾಸ್ತರರದೆಂದೂ ಹೇಳಿದೆ. ಎಲ್ಲರೂ ಬರೆದುಕೊಂಡರು. ಈ ಬಾರಿ ಯಾರೂ ನಗಲಿಲ್ಲ.

"ಅವರನ್ನ ಒಮ್ಮಿ ಇಲ್ಲಿ ಕರಸ್ರಿ ಸರ," ಎಂದರು ಶಿಕ್ಷಕಿ.

ಅವರು ಖಬರಸ್ತಾನ ಸೇರಿ ಎರಡು ಮಳೆಗಾಲ ಕಳೆದಿವೆ ಎಂದೆ.